ಪಡುವಲಿಗೆ ಹೋದ ಮನೆತನ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಮಿಸ್ಸೂರಿ ನದಿಯ ದಡದಿಂದ ಪಡುಗಡಲಿನ ಕಡೆಯ ಒರೆಗಾನ್ ಸೀಮೆಯವರೆಗೆ, ಸುಮಾರು 2,000 ಮೈಲಿ ಉದ್ದದ ಒಂದು ಬಂಡಿದಾರಿಯು ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಬಳಕೆಯಲ್ಲಿದ್ದಿತು. ಅದರಿಂದ ಕವಲೊಡೆದ ದಾರಿಗಳನ್ನೂ ಸೇರಿಸಿಕೊಂಡರೆ, 1840ರ ಸುಮಾರಿನಿಂದ ರೈಲುದಾರಿಯು ಕಡಲಿಂದ ಕಡಲಿಗೆ ಮುಟ್ಟಿದ 1869ರವರೆಗೆ, ಮೂರು ಲಕ್ಷಕ್ಕೆ ಮೇಲ್ಪಟ್ಟ ಜನರು ಇದರಲ್ಲಿ ನಡೆದುಹೋದರೆಂದು ಲೆಕ್ಕವುಂಟು. ಚರಿತ್ರೆಯ ಪಾಠಗಳಲ್ಲಿ ಇದು ಒಂದು ಜನಾಂಗದ ಮಹಾ ಸಾಹಸವೆಂದು ಎರಡು ಪುಟಗಳಲ್ಲಿ ಮುಗಿದುಹೋಗುತ್ತದೆ. ಹೋದವರು ಹೋದದ್ದು ಒಂದೊಂದು ಸಂಸಾರವಾಗಿ. ಸುಖವನ್ನೂ ಸಾವನ್ನೂ ಹಂಚಿಕೊಂಡದ್ದು ಒಂದೊಂದು ಸಂಸಾರವಾಗಿಯೇ. ಆದಕಾರಣ ಅಂತಹ ಒಂದು ಮನೆತನವನ್ನು ಹಿಡಿದು ಅದರ ಮೂರು ತಲೆಗಳ ಕಥೆಯನ್ನು ನೋಡಿದರೆ, ಆ ದಾರಿಯ ಬೆಲೆ ಏನೆಂಬುದು ಚೆನ್ನಾಗಿ ಮನದಟ್ಟಾಗುತ್ತದೆ. ಮೀಕರ್ ಮನೆತನವು ಇದಕ್ಕೆ ತಕ್ಕದ್ದು. ಏಕೆಂದರೆ ಆ ಮನೆಯ ಎಜ್ರಾ ಮೀಕರನು ತೊಂಬತ್ತೇಳು ವರ್ಷಗಳ ಕಾಲ ಬದುಕಿ, ಕಂಡದ್ದನ್ನು ಬರೆದಿಟ್ಟು ಹೋದನು.

ಎಜ್ರಾ ಹುಟ್ಟಿದ್ದು 1830ರ ಡಿಸೆಂಬರ್ 29ರಂದು, ಒಹಾಯೋ ಸಂಸ್ಥಾನದ ಬಟ್ಲರ್ ಕೌಂಟಿಯಲ್ಲಿ. ತಂದೆ ಜೇಕಬ್ ಮೀಕರ್ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದವನು, ಬೇಸಾಯವನ್ನೂ ಮಾಡಬಲ್ಲವನು, ತಾಯಿ ಫೀಬಿ. ಪಡುವಲಿಗೆ ಸರಿಯುವ ಚಾಳಿಯು ಈ ಮನೆಯಲ್ಲಿ ಎಜ್ರಾನಿಂದ ಮೊದಲಾದುದಲ್ಲ. 1839ರಲ್ಲಿ ಜೇಕಬನು ಒಹಾಯೋವನ್ನು ಬಿಟ್ಟು ಇಂಡಿಯಾನಾಕ್ಕೆ ಹೊರಟಾಗ, ಇನ್ನೂ ಒಂಬತ್ತು ತುಂಬದ ಎಜ್ರಾ ಮತ್ತು ಅವನ ಅಣ್ಣ ಆಲಿವರ್ ಸುಮಾರು ಇನ್ನೂರು ಮೈಲಿ ದೂರ ಬಂಡಿಯ ಹಿಂದೆ ನಡೆದೇ ಹೋದರು. ಎಜ್ರಾನಿಗೆ ಶಾಲೆಯ ಓದು ಎಲ್ಲ ಸೇರಿ ಆರು ತಿಂಗಳಷ್ಟೂ ಆಗಲಿಲ್ಲವೆನ್ನಬಹುದು. ಅಚ್ಚುಕೂಟದಲ್ಲಿ ಹುಡುಗನಾಗಿ ಕೆಲಸಕ್ಕೆ ನಿಂತದ್ದೇ ಅವನ ಪಾಠಶಾಲೆ. ಕೊನೆಗೆ ತಾಯಿಗೆ ಅವಳ ತವರಿನಿಂದ ಸಾವಿರ ಡಾಲರು ಬಂದು, ಅದರಿಂದ ಒಂದು ಹೊಲವನ್ನು ಕೊಂಡಾಗ, ತಂದೆ ಗಿರಣಿಯಲ್ಲೇ ಉಳಿದನು, ಹೊಲವು ಹುಡುಗನ ಪಾಲಿಗೆ ಬಂದಿತು. ತಾಯಿಯ ಹಣದಿಂದ ಕೊಂಡ ಆ ನೆಲದಲ್ಲಿಯೇ ಅವನು ಒಕ್ಕಲಿಗನಾದದ್ದು. ಮುಂದೆ ಆ ತಾಯಿಗೆ ಒದಗಿದ ಗತಿಯನ್ನು ನೋಡುವಾಗ ಇದನ್ನು ಮರೆಯಬಾರದು.

1851ರ ಮೇ ತಿಂಗಳಲ್ಲಿ ಎಜ್ರಾ ನೆರೆಯ ಒಕ್ಕಲುಮನೆಯ ಎಲೈಜಾ ಜೇನ್ ಸಮ್ನರ್ ಎಂಬವಳನ್ನು ಮದುವೆಯಾದನು. ಮದುವೆಗೆ ಮೊದಲೇ ಅವಳು ಇಟ್ಟ ಬಯಕೆ ಒಂದೇ: ಸ್ವಂತದ ನೆಲವಿರಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ದಂಪತಿಗಳು ಅಯೋವಾ ಸೀಮೆಯ ಎಡ್ಡಿವಿಲ್ಲಿಗೆ ಹೋಗಿ ಗುತ್ತಿಗೆಗೆ ಹೊಲ ಹಿಡಿದರು. ಅಯೋವಾದ ಚಳಿಗಾಲವು ಅವರಿಗೆ ಹಿಡಿಸಲಿಲ್ಲ. ಆ ಕಾಲದಲ್ಲಿ ಒರೆಗಾನಿನ ಕಡೆ ಸರಕಾರವು ನೆಲೆಸಿ ಸಾಗುಮಾಡುವವರಿಗೆ ನೆಲವನ್ನು ಬಿಟ್ಟಿಯಾಗಿ ಕೊಡುತ್ತಿದ್ದಿತು. 1850ರ ಕಾಯಿದೆಯಂತೆ ಆ ವರ್ಷ ಮುಗಿದಮೇಲೆ ಹೋದ ದಂಪತಿಗಳಿಗೂ 320 ಎಕರೆ ದೊರೆಯುವಂತಿದ್ದಿತು. ಆ ನೆಲದ ಮೇಲೆ ಆಗಲೇ ಜನರಿದ್ದರೆಂಬ ಮಾತನ್ನು ಕಾಯಿದೆಯು ಎತ್ತಲಿಲ್ಲ. ಹಕ್ಕಿನ ಒಡಂಬಡಿಕೆಗಳು ಆಗುವುದಕ್ಕೆ ಮೊದಲೇ ಕಾಯಿದೆಯು ನೆಲವನ್ನು ಹಂಚತೊಡಗಿತು. ಈ ಗಂಟನ್ನು ಬಿಡಿಸಲು ಹೋದವರು ಯಾರೂ ಗೆಲ್ಲಲಿಲ್ಲ; ಮೀಕರ್ ಸಂಸಾರವೂ ಈ ಗಂಟಿನಲ್ಲಿ ಸಿಕ್ಕಿಕೊಂಡಿತು.

1852ರ ವಸಂತದಲ್ಲಿ, ಚೊಚ್ಚಲ ಮಗು ಮೇರಿಯನ್ ಇನ್ನೂ ಹಸುಗೂಸಾಗಿರುವಾಗಲೇ, ಅವರು ಹೊರಟರು. ಕಮಾನು ಹೊದಿಸಿದ ಒಂದು ನಾಲ್ಕು ಗಾಲಿಯ ಬಂಡಿ, ಎರಡು ಜೊತೆ ಎತ್ತು, ನೊಗಕ್ಕೆ ಕಟ್ಟಿದ ಒಂದು ಜೊತೆ ಹಸು, ಹೆಚ್ಚಿಗೆ ಇನ್ನೊಂದು ಹಸು. ಹಸುವನ್ನು ಬಂಡಿಗೆ ಕಟ್ಟುವುದೆಂದರೆ ಕನ್ನಡ ನಾಡಿನ ರೈತನು ಕಿವಿ ಮುಚ್ಚಿಕೊಂಡಾನು; ಆದರೆ ಆ ದಾರಿಯಲ್ಲಿ ಹಗಲು ನೊಗ ಹೊತ್ತ ಹಸುವೇ ಸಂಜೆಗೆ ಹಾಲನ್ನೂ ಕೊಡಬೇಕಾಗಿದ್ದಿತು. ಎಲೈಜಾಳ ಅಣಿಗಾರಿಕೆಯು ಹೇಳತಕ್ಕಂಥದು. ಜೋಳದ ಹಿಟ್ಟಿನಲ್ಲಿ ಹೂಳಿದ ಮೊಟ್ಟೆಗಳು, ಗೋದಿಹಿಟ್ಟಿನ ನಡುವೆ ಅಡಗಿಸಿದ ಬೆಣ್ಣೆ, ಒಣಗಿಸಿದ ಹಣ್ಣು, ಒಣಗಿಸಿದ ಕುಂಬಳ — ಇಷ್ಟನ್ನು ಅವಳು ಬಂಡಿಯಲ್ಲಿ ತುಂಬಿದಳು. ದಾರಿಯಲ್ಲಿ ಕೆನೆಯನ್ನು ಪಾತ್ರೆಯಲ್ಲಿ ಹಾಕಿ ಬಂಡಿಗೆ ಕಟ್ಟಿದರೆ, ಗಾಲಿಯ ಕುಲುಕಿಗೆ ಸಂಜೆಯ ಹೊತ್ತಿಗೆ ಬೆಣ್ಣೆ ತಾನೇ ಮೇಲೆ ಬರುತ್ತಿದ್ದಿತು. ಎಜ್ರಾ ತನ್ನ ಮುಪ್ಪಿನಲ್ಲಿ ಇದನ್ನೆಲ್ಲ ಬಾಯಲ್ಲಿ ನೀರೂರುವಂತೆ ಬರೆದನು. ಬಾಣಂತಿತನ ಕಳೆಯದ ಹೆಂಗಸು ಅಷ್ಟು ದೂರ ಅದನ್ನೆಲ್ಲ ಹೇಗೆ ನಡೆಸಿದಳೆಂಬುದನ್ನು ಅವಳ ಬಾಯಿಂದಲೇ ಕೇಳಬೇಕಾಗಿದ್ದಿತು. ಗಂಡನಷ್ಟು ಬರೆಯುವ ಹವ್ಯಾಸ ಅವಳಿಗಿರಲಿಲ್ಲ.

ಆ ವರ್ಷ ದಾರಿಯಲ್ಲಿ ಕಾಲರಾ ಹಬ್ಬಿದ್ದಿತು. ಪ್ಲಾಟ್ ನದಿಯ ಬಯಲಿನಲ್ಲಿ ಬಂಡಿಗಳ ಸಾಲು ಎಷ್ಟು ಉದ್ದವೋ ಗೋರಿಗಳ ಸಾಲೂ ಅಷ್ಟೇ ಉದ್ದವೆಂಬಂತೆ ಆಯಿತು. ಬೆಳಿಗ್ಗೆ ಎತ್ತು ಹೂಡಿದವನು ಸಂಜೆಗೆ ಮಣ್ಣಾದುದುಂಟು. ತೋಳಗಳು ಕೆದರದಿರಲೆಂದು ಹೂಳಿದ ನೆಲದ ಮೇಲೆ ಬಂಡಿಗಳನ್ನು ಹರಿಸಿ ಗುರುತು ಅಳಿಸುವ ವಾಡಿಕೆಯೂ ಆ ದಾರಿಯಲ್ಲಿದ್ದಿತು. ಮುಂದೆ ಮಕ್ಕಳು ಮೊಮ್ಮಕ್ಕಳು ಬಂದು ಹುಡುಕಿದರೆ ಕಾಣುವ ಹಾಗಿರಲಿಲ್ಲ. ಜೊತೆಯಲ್ಲಿ ಬಂದಿದ್ದ ಆಲಿವರನೂ ನಡುದಾರಿಯಲ್ಲಿ ಮಲಗಿದನು. ಸಂಗಡಿಗರು ನಿಲ್ಲಲಾರದೆ ಮುಂದೆ ಹೋದರು. ಎಜ್ರಾ ಅಣ್ಣನ ಬಳಿ ನಿಂತನು. ಆಲಿವರನು ಬದುಕಿದನು. ಸ್ನೇಕ್ ನದಿಯನ್ನು ದಾಟುವಾಗ ಬಂಡಿಯ ಪೆಟ್ಟಿಗೆಯ ಸಂದುಗಳನ್ನು ಬಿಗಿದು ಅದನ್ನೇ ದೋಣಿಯಾಗಿ ಮಾಡಿಕೊಂಡರು. ಅಕ್ಟೋಬರ್ 1ರಂದು ಅವರು ಪೋರ್ಟ್‌ಲೆಂಡನ್ನು ಮುಟ್ಟಿದರು. ಐದು ತಿಂಗಳಿಗೂ ಹೆಚ್ಚು ಕಾಲ. ಎಜ್ರಾ ಅದರಲ್ಲಿ ಬಹುಭಾಗವನ್ನು ಕಾಲ್ನಡಿಗೆಯಲ್ಲೇ ಕಳೆದಿದ್ದನು.

ಮೊದಲ ವರ್ಷಗಳು ಕಷ್ಟದವು, ಅಲೆದಾಟದವು. ಕೊಲಂಬಿಯಾ ನದಿಯ ಕಲಾಮದಲ್ಲಿ ದಿಮ್ಮಿಗಳ ಗುಡಿಸಲು ಕಟ್ಟಿದರು. ಅದನ್ನು ಬಿಟ್ಟು ಪ್ಯೂಜೆಟ್ ಕೊಲ್ಲಿಯ ಮೆಕ್ನೀಲ್ ದ್ವೀಪಕ್ಕೆ ಹೋದರು. ಅಷ್ಟರಲ್ಲಿ ಊರಿನಿಂದ ತಂದೆಯ ಕಾಗದ ಬಂದಿತು: ಆಲಿವರನು ಬಂದು ಕರೆದುಕೊಂಡು ಹೋಗುವುದಾದರೆ ತಾವೂ ಹೊರಡುವೆವು, ಎಂದು. ಅಣ್ಣತಮ್ಮಂದಿರು ಹಣ ಕೂಡಿಹಾಕಿ ಆಲಿವರನನ್ನು ಹಡಗಿನಲ್ಲಿ ಹಿಂದಕ್ಕೆ ಕಳುಹಿಸಿದರು. 1854ರ ಬೇಸಗೆ ಕಳೆಯುತ್ತಿರಲು, ತಂದೆಯ ತಂಡವು ದಾರಿಯಲ್ಲಿ ತಡವಾಗಿ ದವಸವಿಲ್ಲದೆ ಬಳಲುತ್ತಿದೆಯೆಂಬ ಸುದ್ದಿ ಬಂದಿತು. ಎಜ್ರಾ ತಾನೊಬ್ಬನೇ ಕ್ಯಾಸ್ಕೇಡ್ ಬೆಟ್ಟಗಳ ನಾಚೀಸ್ ಕಣಿವೆಯನ್ನು ದಾಟಿ ಎದುರುಗೊಳ್ಳಲು ಹೋದನು. ಸಿಕ್ಕಿದವರಲ್ಲಿ ತಂದೆಯಿದ್ದನು, ಅಣ್ಣನಿದ್ದನು, ತಾಯಿಯಿರಲಿಲ್ಲ. ಫೀಬಿ ಪ್ಲಾಟ್ ನದಿಯ ಬಳಿ ಕಾಲರಾದಿಂದ ತೀರಿಕೊಂಡಿದ್ದಳು. ಎಲ್ಲರಿಗಿಂತ ಕಿರಿಯನಾದ ಕ್ಲಾರ್ಕನು ಮುಂದೆ ಸ್ವೀಟ್‌ವಾಟರ್ ನದಿಯಲ್ಲಿ ಮುಳುಗಿ ಸತ್ತಿದ್ದನು. ಎರಡು ವರ್ಷಗಳ ಹಿಂದೆ ಎಜ್ರಾ ತನ್ನ ಹೆಂಡತಿ ಮಗುವಿನೊಡನೆ ಅಪಾಯವಿಲ್ಲದೆ ದಾಟಿದ್ದ ನದಿಗಳೇ ಅವು. ಮಕ್ಕಳು ಪಡುವಲಿಗೆ ಹೋಗದಿದ್ದರೆ ತಾಯಿ ಹೊರಡುತ್ತಿರಲಿಲ್ಲ. ಆ ಕಣಿವೆಯಲ್ಲಿ ತಂದೆ ಮಗನ ನಡುವೆ ನಡೆದ ಮಾತುಗಳನ್ನು ಊಹಿಸುವುದು ಬೇಡ. ಉಳಿದವರನ್ನು ಎಜ್ರಾ ಬೆಟ್ಟ ದಾಟಿಸಿ ಕೊಲ್ಲಿಯ ಕಡೆಗೆ ಕರೆತಂದನೆಂಬುದಿಷ್ಟು ಸಾಕು.

ಅದೇ ವರ್ಷದ ಡಿಸೆಂಬರ್ 26ರಂದು, ಗವರ್ನರ್ ಐಸಾಕ್ ಸ್ಟೀವನ್ಸನು ಮೆಡಿಸಿನ್ ಕ್ರೀಕ್ ಎಂಬಲ್ಲಿ ಕೊಲ್ಲಿಯ ದಕ್ಷಿಣದ ಮೂಲನಿವಾಸಿಗಳೊಡನೆ ಒಡಂಬಡಿಕೆ ಮಾಡಿಸಿಕೊಂಡನು. ನದಿಯ ಮೀನನ್ನೂ ಹುಲ್ಲುಗಾವಲಿನ ಕುದುರೆಗಳನ್ನೂ ನಂಬಿ ಬದುಕುತ್ತಿದ್ದ ನಿಸ್ಕ್ವಾಲಿ ಜನರಿಗೆ ಅದರಲ್ಲಿ ದೊರೆತದ್ದು ಕಾಡು ತುಂಬಿದ ದಿಬ್ಬ. ನಿಸ್ಕ್ವಾಲಿಗಳ ಮುಖಂಡ ಲೆಶೈ ಇದನ್ನು ಒಪ್ಪಲಿಲ್ಲ. ಒಡಂಬಡಿಕೆಯ ಪತ್ರದ ಮೇಲೆ ಅವನ ಹೆಸರಿನ ಮುಂದಿರುವ ಗುರುತನ್ನು ಅವನೇ ಹಾಕಿದನೇ ಎಂಬುದು ಇಂದಿಗೂ ವಾದದಲ್ಲಿದೆ. 1855ರಲ್ಲಿ ಕಾಳಗ ಮೊದಲಾಯಿತು. ಮೀಕರ್ ಸಂಸಾರವೂ ಇತರ ಬಿಳಿಯರಂತೆ ಸ್ಟಿಲಾಕಮ್ ಊರಿನಲ್ಲಿ ಆಸರೆ ಪಡೆಯಬೇಕಾಯಿತು. ಕಾಳಗ ಮುಗಿದಮೇಲೆ ಲೆಶೈಯನ್ನು ಹಿಡಿದು, ಬೆಂಟನ್ ಮೋಸೆಸ್ ಎಂಬ ದಳದವನನ್ನು ಕೊಂದನೆಂದು 1856ರ ನವೆಂಬರಿನಲ್ಲಿ ವಿಚಾರಣೆಗೆ ನಿಲ್ಲಿಸಿದರು. ಹನ್ನೆರಡು ಮಂದಿ ಜ್ಯೂರಿಗಳಲ್ಲಿ ಎಜ್ರಾ ಮೀಕರನೂ ಒಬ್ಬನು. ಯುದ್ಧದಲ್ಲಿ ಎದುರಾಳಿಯನ್ನು ಕೊಂದರೆ ಅದು ಕೊಲೆಯಾಗದೆಂಬ ನ್ಯಾಯ ಒಂದು ಕಡೆ. ನೆರೆಹೊರೆಯವರನ್ನು ಕಳೆದುಕೊಂಡಿದ್ದ ಊರಿನವರ ಕೋಪ ಇನ್ನೊಂದು ಕಡೆ. ಹತ್ತು ಮಂದಿ ಅಪರಾಧಿಯೆಂದರು. ಮೀಕರನೂ ವಿಲಿಯಮ್ ಕಿನ್‌ಕೇಡ್ ಎಂಬವನೂ ಒಪ್ಪಲಿಲ್ಲ, ಕೊನೆಯವರೆಗೂ ಜಗ್ಗಲಿಲ್ಲ. ಜ್ಯೂರಿಯು ತೀರ್ಮಾನಕ್ಕೆ ಬರದೆ ಚದುರಿತು. ಮೀಕರನಿಗೆ ಆಗ ಇಪ್ಪತ್ತೈದು ವರ್ಷ. ಅದೇ ಜನರ ನಡುವೆ ಅಂಗಡಿ ಇಟ್ಟು ಬದುಕಬೇಕಾಗಿದ್ದವನು.

ಎರಡನೆಯ ವಿಚಾರಣೆಯಲ್ಲಿ ಬೇರೆ ಜ್ಯೂರಿಯು ಅಪರಾಧವನ್ನು ಹೊರಿಸಿತು. ಕೋಟೆಯ ಸೇನಾಧಿಕಾರಿಗಳು ತಮ್ಮ ನೆಲದಲ್ಲಿ ಗಲ್ಲು ನೆಡಲು ಒಪ್ಪದಿದ್ದುದರಿಂದ, 1858ರ ಫೆಬ್ರವರಿ 19ರಂದು ಕೋಟೆಯ ಹೊರಗೆ ಲೆಶೈಯನ್ನು ಗಲ್ಲಿಗೇರಿಸಿದರು. ಮೀಕರನು ಇದನ್ನು ಮರೆಯಲಿಲ್ಲ. ಸುಮಾರು ಐವತ್ತು ವರ್ಷಗಳಾದಮೇಲೆ, 1905ರಲ್ಲಿ, ತನ್ನ ನೆನಪುಗಳ ಪುಸ್ತಕದೊಡನೆ ಲೆಶೈಯ ದುರಂತವನ್ನೂ ಬರೆದು ಅಚ್ಚು ಮಾಡಿಸಿದನು; ಸ್ಟೀವನ್ಸನನ್ನು ಅದರಲ್ಲಿ ಬಿಡದೆ ಖಂಡಿಸಿದನು. 2004ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಸಂಸ್ಥಾನದಲ್ಲಿ ಕೂಡಿದ ಚಾರಿತ್ರಿಕ ನ್ಯಾಯಮಂಡಲಿಯು ಲೆಶೈಯನ್ನು ಕೊಲೆಗಾರನೆಂದು ವಿಚಾರಿಸಿದ್ದೇ ತಪ್ಪೆಂದು ಹೇಳಿತು. ಆ ಮಾತನ್ನು ಇಬ್ಬರು ಒಕ್ಕಲಿಗರು ನೂರನಲವತ್ತೆಂಟು ವರ್ಷಗಳ ಮುಂಚೆಯೇ ಹೇಳಿದ್ದರು. ಮೀಕರನ ಬಾಳಿನಲ್ಲಿ ಹೊಗಳತಕ್ಕ ಕೆಲಸಗಳು ಹಲವಿದ್ದರೂ, ಇದಕ್ಕಿಂತ ದೊಡ್ಡದನ್ನು ಕಾಣುವುದು ಕಷ್ಟ.

ಸ್ಟಿಲಾಕಮ್ಮಿನಲ್ಲಿ ಜೇಕಬನೂ ಮಕ್ಕಳೂ ಸೇರಿ ಇಟ್ಟ ಅಂಗಡಿಯು ನಡೆಯುತ್ತಿದ್ದಿತು. ಸರಕು ತರಲು ಸಾನ್ ಫ್ರಾನ್ಸಿಸ್ಕೋಗೆ ಹೋಗಿದ್ದ ಆಲಿವರನು ಹಿಂದಿರುಗುವಾಗ, ‘ನಾರ್ದರ್ನರ್’ ಎಂಬ ಹಡಗು ಕ್ಯಾಲಿಫೋರ್ನಿಯಾದ ಕರೆಯಲ್ಲಿ ಒಡೆದು, ಅವನು ನೀರುಪಾಲಾದನು. ನಡುದಾರಿಯಲ್ಲಿ ತಮ್ಮನು ಬಿಟ್ಟುಹೋಗದೆ ಉಳಿಸಿಕೊಂಡಿದ್ದ ಅಣ್ಣ ಅವನು. ಅಂಗಡಿಯೂ ಮುಳುಗಿತು. 1862ರಲ್ಲಿ ಎಜ್ರಾ ಪ್ಯುಯಾಲಪ್ ನದಿಯ ಕಣಿವೆಗೆ ಹೋಗಿ, ಹಿಂದೊಬ್ಬನು ಕಟ್ಟಿ ಬಿಟ್ಟುಹೋಗಿದ್ದ ಗುಡಿಸಲಿನಲ್ಲಿ ಮತ್ತೆ ಮೊದಲಿನಿಂದ ಸಂಸಾರ ಹೂಡಿದನು. ಕಾಡು ಕಡಿಯುವುದು, ಬುಡ ಕೀಳುವುದು, ಹೊತ್ತು ಹಾಕುವುದು.

1865ರಲ್ಲಿ ಒಲಿಂಪಿಯಾ ಊರಿನ ಮದ್ಯ ಬಟ್ಟಿಯವನೊಬ್ಬನು ತರಿಸಿದ ಹಾಪ್ಸ್ ಬೇರುಗಳಲ್ಲಿ ಒಂದಿಷ್ಟು ಜೇಕಬನ ಮೂಲಕ ಎಜ್ರಾನ ಹೊಲಕ್ಕೆ ಬಂದವು. ಹಾಪ್ಸ್ ಎಂಬುದು ಕಂಬಕ್ಕೆ ಹಬ್ಬುವ ಬಳ್ಳಿ. ಅದರ ಹೂವು ಬಿಯರಿಗೆ ಕಹಿಯನ್ನೂ ಬಾಳಿಕೆಯನ್ನೂ ಕೊಡುತ್ತದೆ. ನದಿಯ ಮೆಕ್ಕಲು ಮಣ್ಣಿಗೆ ಆ ಬಳ್ಳಿ ಒಗ್ಗಿತು. ಮೊದಲ ಫಸಲು ಪೌಂಡಿಗೆ 85 ಸೆಂಟಿನಂತೆ ಹೋಯಿತು. ಎರಡು ದಶಕಗಳಲ್ಲಿ ಮೀಕರನನ್ನು ಜನರು ‘ಹಾಪ್ಸ್ ರಾಜ’ನೆಂದು ಕರೆಯತೊಡಗಿದರು; ಅವನ ಸರಕು ಲಂಡನ್ನಿನ ಪೇಟೆಗೆ ಹೋಗುತ್ತಿದ್ದಿತು, ಅವನೂ ಹೋಗುತ್ತಿದ್ದನು. 1883ರಲ್ಲಿ ಹಾಪ್ಸ್ ಬೇಸಾಯದ ಮೇಲೆ ಒಂದು ಪುಸ್ತಕವನ್ನೇ ಬರೆದನು. ಹೂ ಬಿಡಿಸುವ ಕಾಲದಲ್ಲಿ ಮೂಲನಿವಾಸಿಗಳು ಉತ್ತರದ ದೂರ ಕರಾವಳಿಯಿಂದ ದೋಣಿಗಳಲ್ಲಿ ಸಂಸಾರಸಮೇತ ಬಂದು ಕೂಲಿಗೆ ನಿಲ್ಲುತ್ತಿದ್ದರು. ಲೆಶೈಗಾಗಿ ನಿಂತವನ ತೋಟದಲ್ಲಿ ಅವರು ಕೂಲಿಗಳು. ಇದನ್ನು ಮೀಕರನ ತಪ್ಪೆಂದು ಹೇಳುವುದು ಸುಲಭ, ನ್ಯಾಯವಾಗಲಾರದು. ಅವನು ಕೂಲಿಯನ್ನು ಕೊಟ್ಟನು. ನೆಲದ ಮಾತನ್ನು ಮಾತ್ರ ಅವನು ಲೆಶೈಯ ಕೊರಳಿನ ಮಾತಿನಷ್ಟು ಗಟ್ಟಿಯಾಗಿ ಎತ್ತಿದವನಲ್ಲ.

1877ರಲ್ಲಿ ತನ್ನ ಗುಡಿಸಲಿನ ಸುತ್ತ ಊರಿನ ನಕ್ಷೆ ಹಾಕಿಸಿ, ಆ ಕಣಿವೆಯ ಜನರ ಹೆಸರಿನಿಂದಲೇ ಪ್ಯುಯಾಲಪ್ ಎಂದು ಕರೆದನು. ಹೊರಗಿನವರಿಗೆ ಆ ಹೆಸರು ನಾಲಗೆಗೆ ಹತ್ತದೆ, ಇಂಗ್ಲೆಂಡಿನಲ್ಲಿ ಅವನಿಗೆ ಅದನ್ನು ಹೇಳಿಕೊಡುವುದೇ ಒಂದು ಕೆಲಸವಾಗಿತ್ತಂತೆ! 1890ರಲ್ಲಿ ಊರಿಗೆ ಅವನೇ ಮೊದಲನೆಯ ಮೇಯರನಾದನು. ಅದೇ ವರ್ಷ ಹದಿನೇಳು ಕೋಣೆಗಳ ದೊಡ್ಡ ಮನೆಯೂ ಮುಗಿಯಿತು. ಅದು ಈಗಲೂ ಅಲ್ಲಿ ನಿಂತಿದೆ. ದಿಮ್ಮಿಯ ಗುಡಿಸಲುಗಳಲ್ಲಿ ನಾಲ್ಕು ದಶಕ ಸವೆಸಿದ ಎಲೈಜಾಳಿಗೆ ಕೊನೆಗೆ ದೊರೆತ ಮನೆ ಅದು.

ಅನುಭವಿಸಲು ಬಹಳ ಕಾಲ ಸಿಕ್ಕಲಿಲ್ಲ. ಮರುವರ್ಷವೇ ಹಾಪ್ಸ್ ಎಲೆಗಳಿಗೆ ಹೇನು ಬಿದ್ದಿತು. ಔಷಧಿ ಹೊಡೆದರೂ ಹೂವು ಕೆಟ್ಟಿತು. ಮೀಕರನು ಇತರ ಬೆಳೆಗಾರರಿಗೆ ಮುಂಗಡ ಕೊಟ್ಟಿದ್ದನು. 1893ರಲ್ಲಿ ದೇಶದಲ್ಲೆಲ್ಲ ಹಣದ ಮುಗ್ಗಟ್ಟು ಬಂದಿತು. ಗಳಿಸಿದ್ದೆಲ್ಲ ಹೆಚ್ಚುಕಡಿಮೆ ಹೋಯಿತು. 1898ರಲ್ಲಿ, ಅರವತ್ತೇಳು ವರ್ಷದ ಮುದುಕನು ಒಣಗಿಸಿದ ತರಕಾರಿಯ ಸರಕು ಹೊತ್ತು ಚಿನ್ನದ ಸೀಮೆಯಾದ ಕ್ಲಾಂಡೈಕಿಗೆ ಹೋಗಿ, ಡಾಸನ್ ಊರಿನಲ್ಲಿ ದಿನಸಿ ಅಂಗಡಿ ಇಟ್ಟನು. ಅಲ್ಲಿ ಹಣ ನಿಲ್ಲಲಿಲ್ಲ. 1901ರ ಜನವರಿಯಲ್ಲಿ ಮಗ ಫ್ರೆಡ್ ಶ್ವಾಸಕೋಶದ ಉರಿಯಿಂದ ಅಲ್ಲಿಯೇ ತೀರಿಕೊಂಡನು. ತಾಯಿ, ತಮ್ಮ, ಅಣ್ಣ, ಮಗ — ಒಬ್ಬೊಬ್ಬರೂ ಒಂದೊಂದು ದಾರಿಯಲ್ಲಿ ಉಳಿದರು.

ಅವನ ಹೆಸರನ್ನು ದೇಶಕ್ಕೆಲ್ಲ ತಿಳಿಸಿದ್ದು ಇದಾದಮೇಲಿನ ಕೆಲಸ. ಒರೆಗಾನ್ ದಾರಿಯು ಆ ಹೊತ್ತಿಗೆ ಉಳುಮೆಯಲ್ಲಿ, ರೈಲಿನಲ್ಲಿ, ಮರೆವಿನಲ್ಲಿ ಅಳಿಸಿಹೋಗುತ್ತಿದ್ದಿತು. 1906ರ ಜನವರಿ 29ರಂದು, ಎಪ್ಪತ್ತೈದು ತುಂಬಿದ ಮೀಕರನು, ಹಳೆಯ ಬಂಡಿಗಳ ಭಾಗಗಳನ್ನು ಸೇರಿಸಿ ಕಟ್ಟಿಸಿದ ಬಂಡಿಗೆ ಟ್ವಿಸ್ಟ್ ಮತ್ತು ಡೇವ್ ಎಂಬ ಎತ್ತುಗಳನ್ನು ಹೂಡಿ, ಬಂದ ದಾರಿಯಲ್ಲೇ ಮೂಡಲಿಗೆ ಹೊರಟನು. ಟ್ವಿಸ್ಟ್ ಪಳಗಿದ ಎತ್ತು. ಡೇವ್ ನೊಗ ಕಾಣದ ಹೋರಿ. ಪಳಗದ ಹೋರಿಯ ಪಕ್ಕದಲ್ಲಿ ನಡೆಯುವುದೆಂದರೇನೆಂಬುದನ್ನು ಬಂಡಿ ಹೊಡೆದ ಯಾರನ್ನಾದರೂ ಕೇಳಿದರೆ ಹೇಳಿಯಾರು. ಎಲೈಜಾ ಜೊತೆಗೆ ಹೋಗಲಿಲ್ಲ. ನೆರೆಯವರಲ್ಲಿ ಹಲವರು ಇದನ್ನು ಮುದುಕನ ಹುಚ್ಚೆಂದರು. ಅವನು ಊರೂರಿನಲ್ಲಿ ನಿಂತು ಭಾಷಣ ಮಾಡಿದನು. ಶಾಲೆಯ ಮಕ್ಕಳು ಕಾಸುಕಾಸು ಕೂಡಿಸಿದರು. ದಾರಿ ಹಾದುಹೋದ ಎಡೆಗಳಲ್ಲಿ ಗುರುತಿನ ಕಲ್ಲುಗಳು ಎದ್ದವು. ಸ್ವೀಟ್‌ವಾಟರ್ ನದಿಯ ದಡವನ್ನೂ ಪ್ಲಾಟ್ ಬಯಲನ್ನೂ ಅವನು ಈ ಸಾರಿ ಮತ್ತೆ ಹಾದುಹೋದನು. ನೆಬ್ರಾಸ್ಕಾದಲ್ಲಿ ಟ್ವಿಸ್ಟ್ ಸತ್ತುಬಿದ್ದಿತು. ಒಮಾಹಾದಲ್ಲಿ ಡ್ಯಾಂಡಿ ಎಂಬ ಎತ್ತನ್ನು ಕೊಂಡು ಡೇವನ ಜೊತೆಗೆ ಕಟ್ಟಿದನು. ನ್ಯೂಯಾರ್ಕಿನ ಬೀದಿಗಳಲ್ಲಿ ದನಗಳನ್ನು ಹೊಡೆಯಬಾರದೆಂಬ ಕಟ್ಟಳೆಯಿಂದ ಪೋಲೀಸರ ತೊಡಕೂ ಬಂದಿತು. 1907ರ ನವೆಂಬರ್ 29ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟನು ಮನೆಯಿಂದ ಹೊರಗೆ ಬಂದು ಬಂಡಿಯನ್ನೂ ಎತ್ತುಗಳನ್ನೂ ನೋಡಿದನು.

1909ರಲ್ಲಿ ಎಲೈಜಾ ತೀರಿಕೊಂಡಳು. ಅವಳ ಮುಪ್ಪಿನ ದಿನಗಳಲ್ಲಿ ಗಂಡನು ಬಹುಕಾಲ ದಾರಿಯ ಮೇಲಿದ್ದನು. ಸತ್ತವರ ದಾರಿಗೆ ಕಲ್ಲು ನೆಡಿಸುವ ಆತುರದಲ್ಲಿ ಬದುಕಿದ್ದವಳ ಪಕ್ಕದಲ್ಲಿ ಕುಳಿತುಕೊಳ್ಳುವುದು ಅವನಿಗೆ ಸಾಧ್ಯವಾಗಲಿಲ್ಲವೆಂದು ಓದುವವರಿಗೆ ಅನ್ನಿಸಿದರೆ ಅದು ತಪ್ಪಲ್ಲ. ಮರುವರ್ಷ ಅವನು ಮತ್ತೆ ಬಂಡಿ ಕಟ್ಟಿದನು. ಆಮೇಲೆ ಮೋಟಾರಿನಲ್ಲಿಯೂ ಹೋದನು. 1924ರಲ್ಲಿ, ತೊಂಬತ್ತಮೂರು ವರ್ಷದವನು, ಸೈನ್ಯದ ವಿಮಾನಗಾರ ಓಕ್ಲಿ ಕೆಲ್ಲಿಯೊಡನೆ ತೆರೆದ ವಿಮಾನದಲ್ಲಿ ಕುಳಿತು, ಹಿಂದೆ ತಿಂಗಳುಗಟ್ಟಲೆ ನಡೆದಿದ್ದ ನೆಲವನ್ನು ಗಂಟೆಗಳ ಲೆಕ್ಕದಲ್ಲಿ ದಾಟಿದನು. ದಾರಿಯ ನೆನಪಿಗಾಗಿ ಅವನು ಕಟ್ಟಿದ ಸಂಘದ ಯತ್ನದಿಂದ 1926ರಲ್ಲಿ ಸರಕಾರವು ಅರ್ಧ ಡಾಲರಿನ ವಿಶೇಷ ನಾಣ್ಯವನ್ನು ಅಚ್ಚು ಮಾಡಿಸಲು ಒಪ್ಪಿತು. ಅದರ ಒಂದು ಮುಖದಲ್ಲಿ ಪಡುವಲಿಗೆ ನಡೆಯುವ ಎತ್ತಿನ ಬಂಡಿಯಿದೆ, ಇನ್ನೊಂದು ಮುಖದಲ್ಲಿ ಕೈ ಚಾಚಿ ನಿಂತ ಮೂಲನಿವಾಸಿಯಿದ್ದಾನೆ. 1928ರಲ್ಲಿ ಇನ್ನೊಂದು ಪಯಣಕ್ಕೆ ಹೆನ್ರಿ ಫೋರ್ಡನು ಮೋಟಾರಿನ ಮೇಲೆ ಕಮಾನು ಹೊದಿಸಿದ ಬಂಡಿಯನ್ನು ಮಾಡಿಸಿಕೊಟ್ಟಿದ್ದನು. ಆ ಸಾರಿ ಖಾಯಿಲೆಯು ಅಡ್ಡ ಬಂದಿತು. ಮೀಕರನು ಸಿಯಾಟಲ್ಲಿಗೆ ಹಿಂದಿರುಗಿ ಡಿಸೆಂಬರ್ 3ರಂದು ತೀರಿಕೊಂಡನು. ತೊಂಬತ್ತೆಂಟು ತುಂಬಲು ಇನ್ನು ಇಪ್ಪತ್ತಾರು ದಿನಗಳಿದ್ದವು.

ಪ್ಯುಯಾಲಪ್ಪಿನ ವುಡ್‌ಬೈನ್ ಸ್ಮಶಾನದಲ್ಲಿ ಅವನನ್ನು ಎಲೈಜಾಳ ಪಕ್ಕದಲ್ಲಿ ಮಣ್ಣು ಮಾಡಿದರು. ಡೇವ್ ಮತ್ತು ಡ್ಯಾಂಡಿ ಎತ್ತುಗಳ ಚರ್ಮವನ್ನು ಹದಮಾಡಿ ತುಂಬಿಸಿ, ಬಂಡಿಯೊಡನೆ ಟಕೋಮಾದ ಚರಿತ್ರೆಯ ಸಂಗ್ರಹಾಲಯಕ್ಕೆ ಕೊಟ್ಟರು.